ಕೂದಲೆಳೆಯ ಎತ್ತರ

ದೊಡ್ಡಬೆಳವಂಗಲದಿಂದ ಬೆಂಗಳೂರಿಗೆ ಹೋಗಿ ಟರ್ನರ್ ಕೆಲಸ ಕಲಿಯತೊಡಗಿದ ಮೊದಲ ವಾರದಲ್ಲೇ ನಾನೊಂದು ಉಕ್ಕಿನ ತುಂಡನ್ನು ಕೆಡಿಸಿದೆ. ಲೇತಿನಲ್ಲಿ ಅದರ ಮುಖವನ್ನು ಸಮಮಾಡಿದ ಮೇಲೂ ನಟ್ಟನಡುವೆ ಸಾಸಿವೆಯಷ್ಟು ಗುಬುಟು ಉಳಿದಿತ್ತು. ಟೂಲನ್ನು ಇನ್ನಷ್ಟು ಒತ್ತಿದೆ. ಅದರ ಮೂತಿ ಚಟ್ಟನೆ ಮುರಿಯಿತು. ಆ ವಾರದ ಕೂಲಿಯಲ್ಲಿ ಟೂಲಿನ ಬೆಲೆಯನ್ನು ಮುರಿದುಕೊಂಡರು.

“ಬಲ ಸಾಲದ್ದಲ್ಲಪ್ಪಾ, ಎತ್ತರ ಸಾಲದ್ದು” ಎಂದರು ಮೇಸ್ತ್ರಿ. ದುಂಡನೆಯ ಸರಳಿಗೂ ಟೂಲಿನ ಮೂತಿಗೂ ನಡುವೆ ತೆಳ್ಳನೆಯ ಉಕ್ಕಿನ ಸ್ಕೇಲನ್ನಿಟ್ಟು ಮೆಲ್ಲಗೆ ಒತ್ತಿದರು. ಅದರ ತಲೆ ನಮ್ಮತ್ತ ವಾಲಿತು. ಟೂಲು ನಡುಗೆರೆಗಿಂತ ತಗ್ಗಿನಲ್ಲಿದೆ ಎಂದರ್ಥ. ಸರಳಿನತ್ತ ವಾಲಿದ್ದರೆ ಎತ್ತರ ಹೆಚ್ಚಾಯಿತೆಂದು. ಆಗ ಟೂಲು ಕತ್ತರಿಸದೆ ಉಜ್ಜುತ್ತದೆ. ಟೂಲಿನಡಿ ತಗಡಿನ ಚೂರುಗಳನ್ನು ಒಂದೊಂದಾಗಿ ಸೇರಿಸಿದರು. ಕೊನೆಗೆ ಹಾಕಿದ್ದು ಹಳೆಯ ಕ್ಷೌರದ ಬ್ಲೇಡು, ದಪ್ಪ ಸುಮಾರು 0.1 ಮಿಲಿಮೀಟರು. ಸ್ಕೇಲು ನೆಟ್ಟಗೆ ನಿಂತಿತು.

ಈ ಕಟ್ಟುನಿಟ್ಟಿಗೂ ಒಂದು ಚರಿತ್ರೆಯುಂಟು. ಚನ್ನಪಟ್ಟಣದ ಬೊಂಬೆಯ ಕುಶಲಿಗೆ ಉಳಿ ಅವನ ಕೈಯಲ್ಲೇ ಇರುತ್ತದೆ. ಎತ್ತರ ತಪ್ಪಿದರೆ ಮಣಿಕಟ್ಟು ತಾನಾಗಿ ತಿದ್ದಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ, ಟೂಲನ್ನು ಲೋಹದ ಜಾರುಪೀಠಕ್ಕೆ ಬಿಗಿದು ಕರಾರುವಾಕ್ಕಾಗಿ ತಿರುಪು ಕೊರೆಯುವ ಲೇತನ್ನು ರೂಪಿಸಿದ. ಕೈಯ ನಡುಕ ಹೋಯಿತು; ಕೈಯ ವಿವೇಕವೂ ಹೋಯಿತು. ಟೂಲಿನೊಡನೆ ತಪ್ಪು ಕೂಡ ಬಿಗಿಯಾಗಿ ಕೂತಿತು.

ನಮ್ಮ ನಾಡಿಗೆ ಲೇತು ಬಹುಕಾಲ ಹೊರಗಿನ ವಸ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ, ಕನ್ನಡ ನೆಲದಲ್ಲೇ ಲೇತುಗಳು ತಯಾರಾದವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿತು. 1961ರಲ್ಲಿ ಕೈಗಡಿಯಾರ ತಯಾರಿಕೆಗಿಳಿದು ಮನೆಮಾತಾದ ಎಚ್.ಎಂ.ಟಿ. ಮೊದಲು ತಯಾರಿಸಿದ್ದು ಲೇತನ್ನೇ ಎಂಬುದು ಅನೇಕರಿಗೆ ಮರೆತಿದೆ. ಹರಿಹರದ ಆ ಕಾರ್ಖಾನೆ ಮುಚ್ಚಿತು, 2016ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನೂ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಈಗಿನ ಟೂಲುಗಳಲ್ಲಿ ಮೊನೆಯ ಎತ್ತರ ಮೊದಲೇ ನಿಗದಿಯಾಗಿರುತ್ತದೆ. ಮೊನೆ ಸವೆದರೆ ತಿರುಗಿಸಿ ಕೂರಿಸಿದರಾಯಿತು. ತಗಡು ಹುಡುಕುವ ಹುಡುಗರು ಕಡಿಮೆಯಾಗಿದ್ದಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ; ಅವರ ಕೂಲಿಯಾದರೂ ಉಳಿಯಲಿ. ಆದರೂ ಊರಿನ ಮನೆಯ ಗೂಡಿನಲ್ಲಿ ಆ ಸ್ಕೇಲು ಇನ್ನೂ ಇದೆ. ಕೆಲಸ ಕೆಟ್ಟಾಗ ಒತ್ತಡ ಹೆಚ್ಚಿಸುವ ಮುನ್ನ ನಿಂತ ನೆಲೆಯನ್ನು ನೋಡಿಕೋ ಎಂದು ಅದು ನನಗೆ ಕಲಿಸಿತು.