ಅಗಸಿ ಕಾಯುವವ ಹೋದ, ಬಟನ್ ಬಂತು

ನಮ್ಮ ಬಾಗಲಕೋಟೆ ಕಡೆ ಗ್ಯಾರೇಜ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ. ಗ್ರೀಸು, ಪಾನಾ, ಹಳೆ ಟೈರು. ಅಮೆರಿಕದವರಿಗೆ ಗ್ಯಾರೇಜ್ ಅಂದರೆ ಕಾರು ಮಲಗುವ ಕೋಣೆ. ಅದು ಮನೆಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೊಂದು ದೊಡ್ಡ ಬಾಗಿಲು, ಬಾಗಿಲಿಗೆ ಮೋಟರ್, ಮೋಟರಿಗೆ ರಿಮೋಟ್. ಆ ರಿಮೋಟನ್ನು ಕಾರಿನೊಳಗೇ ಸೇರಿಸುವುದು ಅಲ್ಲಿ ಹಳೆಯ ಸಂಗತಿ. ನಮ್ಮಲ್ಲಿ ಅದೇ ವಿದ್ಯೆ ಈಗ ಅಂಗಡಿಯ ಶಟರ್, ಕಾಂಪೌಂಡಿನ ಜಾರುವ ಗೇಟಿನ ರೂಪದಲ್ಲಿ ಬರುತ್ತಿದೆ. ಹಾಕಿಸುವ ಮುಂಚೆ ಅದರ ಇತಿಹಾಸ ಸ್ವಲ್ಪ ತಿಳಿದಿದ್ದರೆ ಲಾಭ ಉಂಟು.

ಮೊದಲು ನಮ್ಮ ಬಾಗಿಲುಗಳ ಮಾತು. ಐಹೊಳೆ, ಬಾದಾಮಿಗೆ ಹೋದಾಗ ಗುಡಿಯ ಹೊಸ್ತಿಲ ಮೂಲೆ ನೋಡಿ. ಕೆಲವು ಕಡೆ ಕಲ್ಲಿನಲ್ಲಿ ದುಂಡಗಿನ ಕುಳಿ ಕಾಣುತ್ತದೆ. ಬಾಗಿಲ ತಿರುಗಣಿ ಕೂಡುತ್ತಿದ್ದ ಜಾಗ ಅದು. ಕಬ್ಬಿಣದ ಬಿಜಾಗರಿ ಬರುವ ಮೊದಲು ಇಡೀ ಬಾಗಿಲು ಇಂಥ ಕುಳಿಯ ಮೇಲೆಯೇ ತಿರುಗುತ್ತಿತ್ತು. ಊರಿಗೆ ಅಗಸಿ ಬಾಗಿಲು. ರಾತ್ರಿ ಅದು ಮುಚ್ಚಿದ ಮೇಲೆ ಬಂದವರಿಗೆ ದಿಡ್ಡಿ ಬಾಗಿಲು. ಅದನ್ನು ತೆಗೆಯುವವನು ಎರಡು ಕೆಲಸ ಮಾಡುತ್ತಿದ್ದ: ಬಂದವನು ಯಾರು ಅಂತ ಗುರುತು ಹಿಡಿಯುವುದು, ಬಾಗಿಲು ಹಾಕುವಾಗ ನಡುವೆ ಮಗುವೋ ಕರುವೋ ಸಿಕ್ಕಿಲ್ಲ ಅಂತ ನೋಡುವುದು. ಬಲ ಹಾಕಿ ದೂಡುವುದು ಮೂರನೆಯದು, ಎಲ್ಲಕ್ಕಿಂತ ಸುಲಭದ್ದು. ಯಂತ್ರ ಮೊದಲು ಕಲಿತದ್ದು ಈ ಮೂರನೆಯದನ್ನೇ. ಉಳಿದೆರಡನ್ನು ಕಲಿಯಲು ಅದಕ್ಕೆ ಅರವತ್ತು ವರ್ಷದ ಮೇಲೆ ಹಿಡಿಯಿತು.

ಅಮೆರಿಕದ ಸಿ. ಜಿ. ಜಾನ್ಸನ್ 1921ರಲ್ಲಿ ಮೇಲಕ್ಕೆ ಎತ್ತುವ ಗ್ಯಾರೇಜ್ ಬಾಗಿಲು ಮಾಡಿದರು. 1926ರಲ್ಲಿ ಅದಕ್ಕೆ ವಿದ್ಯುತ್ ಮೋಟರ್ ಕೂಡಿಸಿದರು. 1930ರ ದಶಕದ ಆರಂಭದಲ್ಲಿ ರೇಡಿಯೊ ಅಲೆಯಿಂದ ಬಾಗಿಲು ತೆಗೆಯುವ ಪ್ರಯೋಗಗಳು ಬಂದವು. ಮನೆಮನೆಗೆ ತಲುಪಿದ್ದು ಎರಡನೇ ಮಹಾಯುದ್ಧದ ನಂತರ.

ಇಲ್ಲೊಂದು ತಮಾಷೆ ಇದೆ. 1950ರ ದಶಕದ ಆ ಯಂತ್ರಗಳಲ್ಲಿ ರಿಮೋಟ್ ಹುಟ್ಟಿದ್ದೇ ಕಾರಿನೊಳಗೆ. ಆಗ ಟ್ರಾನ್ಸಿಸ್ಟರ್ ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಹಳೆ ರೇಡಿಯೊದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗೆ ಬಹಳ ಕರೆಂಟ್ ಬೇಕು, ಅದು ಕಿಸೆಯಲ್ಲಿ ಹಿಡಿಯುವ ವಸ್ತುವಲ್ಲ. ಹಾಗಾಗಿ ಪೆಟ್ಟಿಗೆಯನ್ನು ಕಾರಿನ ಬಾನೆಟ್ ಒಳಗೆ ಬಿಗಿದು, ಬ್ಯಾಟರಿಗೆ ಜೋಡಿಸಿ, ಬಟನ್ ಮಾತ್ರ ಡ್ಯಾಶ್‌ಬೋರ್ಡಿಗೆ ತರುತ್ತಿದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ರಿಮೋಟ್ ಹೊರಬಂದು ಬೀಡಿ ಕಟ್ಟಿನಷ್ಟಾಯಿತು, ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸುವ ಹಾಗಾಯಿತು. ಮತ್ತೆ ಕಾರಿನೊಳಗೆ ಸೇರಿದ್ದು 1990ರ ದಶಕದಲ್ಲಿ. ಮಿಷಿಗನ್ ರಾಜ್ಯದ ಹಾಲೆಂಡ್ ಎಂಬ ಊರಿನ ಪ್ರಿನ್ಸ್ ಕಂಪನಿಯ ‘ಹೋಮ್‌ಲಿಂಕ್’ ಇದಕ್ಕೆ ಕಾರಣ. 1996ರಲ್ಲಿ ಆ ಕಂಪನಿಯನ್ನು ಜಾನ್ಸನ್ ಕಂಟ್ರೋಲ್ಸ್ ಕೊಂಡಿತು, 2013ರಲ್ಲಿ ಹೋಮ್‌ಲಿಂಕ್ ಜೆಂಟೆಕ್ಸ್ ಕೈಗೆ ಹೋಯಿತು. ಕನ್ನಡಿಯಲ್ಲೋ ಚಾವಣಿಯಲ್ಲೋ ಮೂರು ಬಟನ್, ಅಷ್ಟೆ.

ಈಗ ಮೊದಲ ಕೆಲಸ: ಗುರುತು ಹಿಡಿಯುವುದು. ಆರಂಭದ ಬಾಗಿಲುಗಳಿಗೆ ಗುರುತೇ ಇರಲಿಲ್ಲ. ಅಲೆ ಬಂದರೆ ಸಾಕು, ತೆರೆಯುವುದು. ನೀವು ಬಟನ್ ಒತ್ತಿದರೆ ಪಕ್ಕದ ಮನೆಯದೂ ತೆರೆಯುತ್ತಿತ್ತು. ಆಮೇಲೆ ರಿಮೋಟಿನೊಳಗೆ ಸಣ್ಣ ಸಣ್ಣ ಸ್ವಿಚ್ಚುಗಳ ಸಾಲು ಬಂತು. ಮೇಲೆ ಅಥವಾ ಕೆಳಗೆ, ಎರಡೇ ಸ್ಥಿತಿ. 8 ಸ್ವಿಚ್ಚಾದರೆ 256 ಬಗೆ, 12 ಆದರೆ 4096 ಬಗೆ. ಬಾಗಿಲಿಗೆ ಯಾವ ಸಾಲೋ ರಿಮೋಟಿಗೂ ಅದೇ ಸಾಲು. ಇದಕ್ಕೆ ‘ಫಿಕ್ಸ್ಡ್ ಕೋಡ್’ ಅನ್ನುತ್ತಾರೆ.

4096 ಅಂದರೆ ದೊಡ್ಡ ಸಂಖ್ಯೆ ಅನ್ನಿಸುತ್ತದೆ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಸಂಶೋಧಕ ಮಕ್ಕಳ ಆಟಿಕೆಯೊಂದನ್ನು ತಿದ್ದಿ, ಇಂಥ ಬಾಗಿಲನ್ನು ಹತ್ತು ಸೆಕೆಂಡಿನ ಒಳಗೆ ತೆರೆದು ತೋರಿಸಿದ. ಅವನು ಬಳಸಿದ ಉಪಾಯ ಕನ್ನಡ ಶಾಲೆಯಲ್ಲಿ ಕಲಿತವರಿಗೆಲ್ಲ ಗೊತ್ತು, ಗೊತ್ತಿದೆ ಅನ್ನುವುದು ಮಾತ್ರ ಗೊತ್ತಿಲ್ಲ. ವ್ಯಾಕರಣ ಮೇಷ್ಟ್ರು ಉರು ಹೊಡೆಸಿದ ‘ಯಮಾತಾರಾಜಭಾನಸಲಗಂ’ ನೆನಪಿದೆಯೇ? ಛಂದಸ್ಸಿನಲ್ಲಿ ಲಘು ಗುರು ಸೇರಿ ಮೂರಕ್ಷರದ ಗಣ ಎಂಟು. ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು. ಈ ಸೂತ್ರ ಹತ್ತೇ ಅಕ್ಷರದಲ್ಲಿ ಎಂಟನ್ನೂ ಅಡಗಿಸಿದೆ: ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ ಒಂದಕ್ಕೊಂದು ಹೆಣೆದುಕೊಂಡು. ಇಂಥ ಹೆಣಿಗೆಯ ಗಣಿತವನ್ನು ಡಚ್ ಗಣಿತಜ್ಞ ಡಿ ಬ್ರೂಯಿನ್ 1946ರಲ್ಲಿ ವಿವರಿಸಿದರು, ಅವರ ಹೆಸರೇ ಅದಕ್ಕೆ ನಿಂತಿತು. ನಮ್ಮ ಸೂತ್ರಕ್ಕೂ ಅದಕ್ಕೂ ಇರುವ ನಂಟನ್ನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನೂತ್ ಗುರುತಿಸಿದ್ದಾರೆ. (ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗೆ ಈ ಸೂತ್ರ ಹೊಂದುವುದಿಲ್ಲ. ಅದು ಅಂಶಗಣ, ಅದರ ಲೆಕ್ಕ ಬೇರೆ.)

ಲಘು ಗುರು ಇದ್ದಲ್ಲಿ ಸ್ವಿಚ್ಚಿನ ಕೆಳಗೆ ಮೇಲೆ ಇಟ್ಟುಕೊಳ್ಳಿ. 12 ಸ್ವಿಚ್ಚಿನ ಎಲ್ಲ ಕೋಡುಗಳನ್ನು ಬಿಡಿಯಾಗಿ ಕಳಿಸಿದರೆ 49,152 ಸಂಕೇತ. ಹೆಣೆದು ಕಳಿಸಿದರೆ 4,107. ಬಾಗಿಲಿನ ಯಂತ್ರಕ್ಕೆ ಪಾಪ, ಒಂದು ಕೋಡು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯದು. ತನ್ನ ಸಾಲು ನಡುವೆ ಎಲ್ಲಿ ಕೇಳಿದರೂ ತೆರೆಯುತ್ತದೆ.

ಇದಕ್ಕೆ ಮದ್ದು ಕಾಮ್ಕರ್‌ಗಿಂತ ಮೊದಲೇ ಬಂದಿತ್ತು. ‘ರೋಲಿಂಗ್ ಕೋಡ್’ ಎಂದು ಹೆಸರು. ಪ್ರತಿ ಸಲ ಒತ್ತಿದಾಗ ರಿಮೋಟ್ ಹೊಸ ಕೋಡು ಕಳಿಸುತ್ತದೆ, ಬಾಗಿಲಿಗೆ ಮುಂದಿನದು ಯಾವುದೆಂದು ಗೊತ್ತಿರುತ್ತದೆ, ಹಿಂದಿನದನ್ನು ಒಪ್ಪುವುದಿಲ್ಲ. ಬಸ್ ಟಿಕೆಟ್ ಇದ್ದ ಹಾಗೆ, ನಿನ್ನೆಯದು ಇಂದು ನಡೆಯದು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ‘ಕೀಲಾಕ್’ ಇಂಥದ್ದು. ಅಮೆರಿಕದ ಗ್ಯಾರೇಜ್ ಬಾಗಿಲಿಗೆ ಇದು ಬಂದದ್ದು 1990ರ ದಶಕದಲ್ಲಿ. ಇದನ್ನೂ ಮುರಿಯುವ ದಾರಿಗಳಿವೆ, ಕಾಮ್ಕರ್ ಅದೇ 2015ರಲ್ಲಿ ಒಂದನ್ನು ತೋರಿಸಿದ. ಆದರೆ ಅದಕ್ಕೆ ಕಳ್ಳ ಅಥವಾ ಅವನ ಯಂತ್ರ ನೀವು ಬಟನ್ ಒತ್ತುವ ಹೊತ್ತಿಗೆ ಹತ್ತಿರದಲ್ಲೇ ಇರಬೇಕು.

ಎರಡನೆಯ ಕೆಲಸ, ನಡುವೆ ಯಾರಾದರೂ ಇದ್ದಾರಾ ಅಂತ ನೋಡುವುದು, ಇದನ್ನು ಯಂತ್ರ ಕಲಿತದ್ದು ಸಾವುಗಳಿಂದ. ತಾನಾಗಿ ಇಳಿಯುವ ಬಾಗಿಲ ಕೆಳಗೆ ಸಿಕ್ಕು ಅಮೆರಿಕದಲ್ಲಿ ಮಕ್ಕಳು ಸತ್ತರು. ಕೈಯಿಂದ ಬಾಗಿಲು ಹಾಕುವವನ ಕಣ್ಣು ಬಾಗಿಲ ಮೇಲೇ ಇರುತ್ತದೆ. ರಿಮೋಟ್ ಒತ್ತಿದವನು ಆಗಲೇ ರಸ್ತೆ ನೋಡುತ್ತಿರುತ್ತಾನೆ. 1990ರಲ್ಲಿ ಅಲ್ಲಿ ಕಾನೂನು ಆಯಿತು. 1993ರ ಜನವರಿಯಿಂದ ಮನೆಗೆ ಮಾಡುವ ಪ್ರತಿ ಯಂತ್ರಕ್ಕೂ ಅಡ್ಡ ಬಂದವರನ್ನು ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಬಾಗಿಲ ಎರಡೂ ಬದಿಗೆ ಮೊಳಕಾಲಿಗಿಂತ ಕೆಳಗೆ ಬೆಳಕಿನ ಕಣ್ಣು, ಕಿರಣ ಕಡಿದರೆ ಬಾಗಿಲು ಹಿಂದಕ್ಕೆ. ನನಗೆ ಕೇಳಿದರೆ ರೋಲಿಂಗ್ ಕೋಡಿಗಿಂತ ಇದೇ ದೊಡ್ಡದು. ಕಳುವಾದ ಸಾಮಾನು ಮತ್ತೆ ಕೊಳ್ಳಬಹುದು.

ಈಗ ನಮ್ಮೂರುಗಳಿಗೆ ಬರೋಣ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರಲ್ಲಿ ಹಳೆ ಮನೆಯ ಸಾಗವಾನಿ ಬಾಗಿಲು, ತೊಲೆ, ಕಂಬ ಬಿಚ್ಚಿ ತಂದವರಿದ್ದಾರೆ. ಓಣಿಯ ಒತ್ತುಮನೆಗಳಿಂದ ಸೆಕ್ಟರಿನ ಬಿಡಿ ಸೈಟಿಗೆ ಬಂದಾಗ ಬಾಗಿಲ ಮುಂದೆ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿನೊಳಗೆ ಕಾರು ನಿಲ್ಲಿಸುವ ಜಾಗ ಹುಟ್ಟಿತು. ಇಳಕಲ್ಲಿನಲ್ಲಿ ಸೀರೆ ಅಂಗಡಿ, ನೂಲಿನ ಗೋದಾಮು ಕಾಯುವುದು ಶಟರ್. ಹುನಗುಂದದ ಹೊಲಗಳಲ್ಲಿ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್. ನೋಂದಾಯಿಸಿದ ನಂಬರಿನಿಂದ ಕರೆ ಬಂದರೆ ಮಾತ್ರ ಮೋಟರ್ ಶುರು. ಹಾಗೆ ನೋಡಿದರೆ ರಿಮೋಟಿಗೆ ಗುರುತು ಕೊಡುವ ವಿದ್ಯೆ ಕಾರಿನವರಿಗಿಂತ ನಮ್ಮ ರೈತರಿಗೇ ಹೆಚ್ಚು ರೂಢಿ.

ನಿಮ್ಮ ಶಟರಿನದು ಯಾವ ಕೋಡು ಎಂದು ತಿಳಿಯಲು ಸುಲಭ ದಾರಿ ಇದೆ. ಅಂಗಡಿಯವನು ನಿಮ್ಮ ರಿಮೋಟ್ ಒಂದನ್ನೇ ಹಿಡಿದು, ಶಟರಿನ ಹತ್ತಿರ ಬರದೆ ನಕಲು ಮಾಡಿಕೊಟ್ಟನೇ? ಮತ್ತು ಅದು ಕೆಲಸ ಮಾಡಿತೇ? ಹಾಗಾದರೆ ಬಹುತೇಕ ಫಿಕ್ಸ್ಡ್ ಕೋಡು. ಚಹಾ ಕುಡಿಯುವಷ್ಟು ಹೊತ್ತು ರಿಮೋಟ್ ಕೈಗೆ ಸಿಕ್ಕ ಯಾರಾದರೂ ಅದನ್ನೇ ಮಾಡಬಹುದು. ರೋಲಿಂಗ್ ಕೋಡಿನಲ್ಲಿ ಸಾಮಾನ್ಯವಾಗಿ ಮೋಟರಿನ ಪೆಟ್ಟಿಗೆಯ ‘ಲರ್ನ್’ ಬಟನ್ ಒತ್ತಿದ ಮೇಲಷ್ಟೇ ಹೊಸ ರಿಮೋಟ್ ಸೇರುತ್ತದೆ. ಹೋಮ್‌ಲಿಂಕಿನಲ್ಲೂ ಹೀಗೆಯೇ: ಹಳೆ ಬಾಗಿಲಾದರೆ ರಿಮೋಟನ್ನು ಹತ್ತಿರ ಹಿಡಿದರೆ ಕಾರು ಕಲಿಯುತ್ತದೆ, ಹೊಸದಾದರೆ ಮನೆಯ ಯಂತ್ರವೂ ಒಪ್ಪಬೇಕು.

ಗಾಡಿಯಲ್ಲಿ ಇಲ್ಲದ ರಿಮೋಟನ್ನು ಆಮೇಲೆ ಕೂಡಿಸುವವರು ಅಮೆರಿಕದಲ್ಲಿ ಗುಜರಿಯಿಂದ ಬೇರೆ ಕಾರಿನ ಹೋಮ್‌ಲಿಂಕ್ ಕನ್ನಡಿ ತಂದು ವೈರು ಎಳೆಯುತ್ತಾರೆ. ಇನ್ನೊಂದು ದಾರಿ, ರಿಮೋಟ್ ಬಿಚ್ಚಿ ಅದರ ಬಟನಿನ ಎರಡು ತುದಿಗೆ ವೈರು ಬೆಸೆದು ಡ್ಯಾಶ್‌ಬೋರ್ಡಿನ ಖಾಲಿ ಸ್ವಿಚ್ಚಿಗೆ ತರುವುದು. ನಮ್ಮ ಮೆಕ್ಯಾನಿಕ್‌ಗಳಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಗಾಡಿ ಬ್ಯಾಟರಿ 12 ವೋಲ್ಟ್, ಬಹಳಷ್ಟು ರಿಮೋಟಿನ ಸೆಲ್ಲು 3 ವೋಲ್ಟ್. ನೇರ ಕೊಟ್ಟರೆ ಸುಡುತ್ತದೆ, ನಡುವೆ ವೋಲ್ಟ್ ಇಳಿಸುವ ಸರ್ಕ್ಯೂಟ್ ಬೇಕು. ಕರೆಂಟನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ ವೈರಿನಿಂದ ತೆಗೆಯಬೇಕು. ಇಲ್ಲವಾದರೆ ಸಂತೆಯಲ್ಲಿ ನಿಂತ ಗಾಡಿಯ ಗಾಜು ಒಡೆದವನಿಗೆ ಬಟನೂ ಸಿಗುತ್ತದೆ, ಡಬ್ಬಿಯೊಳಗಿನ ಆರ್‌ಸಿಯಲ್ಲಿ ಮನೆ ವಿಳಾಸವೂ ಸಿಗುತ್ತದೆ.

ಗಾಡಿ ಮಾರುವಾಗ ಆರ್‌ಸಿಯಲ್ಲಿ ಹೆಸರು ಬದಲಾಯಿಸುತ್ತೇವೆ, ಬಟನ್ ಮರೆಯುತ್ತೇವೆ. ಹೋಮ್‌ಲಿಂಕಿನಲ್ಲಿ ಸಾಮಾನ್ಯವಾಗಿ ಎರಡು ಬದಿಯ ಬಟನ್‌ಗಳನ್ನು ಸುಮಾರು 20 ಸೆಕೆಂಡು ಒಟ್ಟಿಗೆ ಹಿಡಿದರೆ ನೆನಪು ಅಳಿಯುತ್ತದೆ. ಬೆಸೆದು ಕೂಡಿಸಿದ್ದಾದರೆ ಬಿಚ್ಚಿಕೊಳ್ಳಿ. ರಿಮೋಟ್ ಕಳೆದಿದ್ದರೆ ಹೊಸದು ತರುವುದಷ್ಟೇ ಸಾಲದು. ಶಟರಿನ ರಿಸೀವರಿನ ‘ಲರ್ನ್’ ಬಟನನ್ನು ಹೆಚ್ಚು ಹೊತ್ತು ಒತ್ತಿ ಹಿಡಿದು ಎಲ್ಲ ರಿಮೋಟುಗಳ ನೆನಪು ತೆಗೆಸಿ, ಕೈಯಲ್ಲಿ ಇರುವವನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಿ.