ಈ ಮಕ್ಕಳು ಯಾರವರು?

ವಿಹಾರನೌಕೆಗಳ ಮಕ್ಕಳ ಕೊಠಡಿಯ ಬಾಗಿಲಲ್ಲಿ ಇಂದು ಮಗುವಿನ ಕೈಗೆ ಪಟ್ಟಿ ಕಟ್ಟುತ್ತಾರೆ. ಕರೆದೊಯ್ಯಲು ಯಾರಿಗೆ ಅನುಮತಿಯಿದೆಯೆಂದು ಮೊದಲೇ ಬರೆಸಿಕೊಳ್ಳುತ್ತಾರೆ. ಕೆಲವೆಡೆ ಗುಪ್ತಪದವನ್ನೂ ಕೇಳುವುದುಂಟು. ಹೆತ್ತವರನ್ನೂ ಹೀಗೆ ವಿಚಾರಿಸಬೇಕೆ ಎನ್ನಿಸಿದಾಗ ನಾವು 1912ರ ಟೈಟಾನಿಕ್ ಹಡಗನ್ನು ನೆನೆಯಬೇಕು.

ಫ್ರಾನ್ಸಿನ ನೀಸ್ ನಗರದ ದರ್ಜಿ ಮಿಶೆಲ್ ನವ್ರಾತಿಲ್ ಹೆಂಡತಿಯಿಂದ ಬೇರೆಯಾಗಿದ್ದ. ಈಸ್ಟರ್ ಹಬ್ಬಕ್ಕೆಂದು ತನ್ನ ಬಳಿಗೆ ಬಂದ ಇಬ್ಬರು ಗಂಡುಮಕ್ಕಳನ್ನು ಅವನು ತಾಯಿಗೆ ಮರಳಿ ಒಪ್ಪಿಸಲಿಲ್ಲ. ‘ಹಾಫ್‌ಮನ್’ ಎಂಬ ಸುಳ್ಳು ಹೆಸರಿನಲ್ಲಿ ಎರಡನೆಯ ದರ್ಜೆಯ ಪ್ರಯಾಣಿಕನಾಗಿ ಹಡಗೇರಿದ. ತಂದೆಯ ಕೈಹಿಡಿದು ಬಂದ ಮಕ್ಕಳನ್ನು ಯಾರು ತಾನೆ ಪ್ರಶ್ನಿಸಿಯಾರು? ನಮೂನೆಯಲ್ಲಿ ಒಮ್ಮೆ ಬರೆದ ಹೆಸರು ನಿಜವೇ ಆಗಿಬಿಡುತ್ತದೆಂಬುದನ್ನು ಕಡತಗಳ ನಡುವೆ ಬಾಳುವ ನಾವು ಬಲ್ಲೆವು. ಏಪ್ರಿಲ್ 15ರ ನಸುಕಿನಲ್ಲಿ, ಕೊನೆಗೆ ಇಳಿಸಿದ ದೋಣಿಗಳಲ್ಲೊಂದಕ್ಕೆ ಮಕ್ಕಳನ್ನು ದಾಟಿಸಿ ಅವನು ಹಡಗಿನಲ್ಲೇ ಉಳಿದ.

ಅಣ್ಣನಿಗೆ ನಾಲ್ಕು ತುಂಬಿರಲಿಲ್ಲ, ತಮ್ಮನಿಗೆ ಎರಡು ವರ್ಷ. ಇಂಗ್ಲಿಷ್ ಬಾರದು, ತಮ್ಮ ಮನೆತನದ ಹೆಸರು ಹೇಳುವ ವಯಸ್ಸೂ ಅಲ್ಲ. ಪ್ರಯಾಣಿಕರ ಪಟ್ಟಿ ಇತ್ತು, ಅದರಲ್ಲಿದ್ದುದು ಹಾಫ್‌ಮನ್. ಫ್ರೆಂಚ್ ಬಲ್ಲ ಸಹಪ್ರಯಾಣಿಕೆ ಮಾರ್ಗರೆಟ್ ಹೇಸ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಅವರನ್ನು ಇರಿಸಿಕೊಂಡಳು. ನಿಯಮ, ದಾಖಲೆ ಯಾವುದೂ ಮಾಡಲಾಗದ್ದನ್ನು ಪತ್ರಿಕೆಯ ಚಿತ್ರ ಮಾಡಿತು. ಅದರಿಂದ ಗುರುತು ಹಿಡಿದ ತಾಯಿ ಮಾರ್ಸೆಲ್ ಕಡಲು ದಾಟಿ ಬಂದು ಮೇ 16ರಂದು ಮಕ್ಕಳನ್ನು ಸೇರಿದಳು.

ತಂದೆಯ ಶವವೂ ದೊರೆಯಿತು. ಹಾಫ್‌ಮನ್ ಎಂಬ ಹೆಸರಿನಿಂದಾಗಿ ಯೆಹೂದಿಯೆಂದು ಬಗೆದು, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಯೆಹೂದಿಗಳ ಸ್ಮಶಾನದಲ್ಲಿ ಅವನನ್ನು ಹೂಳಿದರು.