ಹೆಸರು ಕೆಟ್ಟವರು: ಇಂಗ್ಲಿಷಿನ ಕೆಲವು ವಿನಾಶವಾಚಕ ಶಬ್ದಗಳ ಚರಿತ್ರೆ

ಕನ್ನಡದಲ್ಲಿ ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ, ಗೋಡೆ ಕುಸಿಯುತ್ತದೆ. ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ನಮ್ಮ ಕ್ರಿಯಾಪದ ಬದಲಾಗುತ್ತದೆ. ಬಟ್ಟೆ ಮುರಿಯಿತೆಂದರೆ ಚಿಕ್ಕ ಮಕ್ಕಳೂ ನಕ್ಕಾರು. ಇಂಗ್ಲಿಷಿನಲ್ಲಿ ಮಡಕೆಗೂ ಕೋಲಿಗೂ ‘ಬ್ರೇಕ್’ ಎಂಬ ಒಂದೇ ಪದ ಸಾಕು. ಇದನ್ನು ಕಂಡ ನನ್ನ ವಿದ್ಯಾರ್ಥಿಗಳು, ಈ ವಿಷಯದಲ್ಲಿ ಇಂಗ್ಲಿಷ್ ಬಡ ಭಾಷೆ ಎಂದು ತೀರ್ಮಾನಿಸಿಬಿಡುತ್ತಿದ್ದರು. ಆದರೆ ಆ ಭಾಷೆಯ ಸಿರಿ ಇರುವುದು ಬೇರೆಡೆಯಲ್ಲಿ. ಅದರ ಅನೇಕ ವಿನಾಶವಾಚಕ ಪದಗಳು, ಒಡೆದದ್ದು ಯಾವ ವಸ್ತು ಎಂಬುದಕ್ಕಿಂತ ಒಡೆದವರು ಯಾರು ಎಂಬುದನ್ನು ಹೇಳುತ್ತವೆ. ಹಾಗೆ ಹೇಳುವಾಗ ಸದಾ ನಿಜವನ್ನೇ ಹೇಳುತ್ತವೆಯೇ ಎಂಬುದು ವಿಚಾರಾರ್ಹ.

‘ಬ್ರೇಕ್’ ಹಳೆಯ ಇಂಗ್ಲಿಷಿನ ಸ್ವಂತ ಸೊತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕ ಲ್ಯಾಟಿನ್ ಪದಗಳು ಹರಿದುಬಂದವು. ‘ಡೆಸ್ಟ್ರಾಯ್’ ಹಾಗೆ ಬಂದದ್ದು. ಅದರ ಮೂಲಧಾತುವಿಗೆ ಒಂದರ ಮೇಲೊಂದು ಜೋಡಿಸಿ ಕಟ್ಟು ಎಂದರ್ಥ. ‘ಸ್ಟ್ರಕ್ಚರ್’ ಎಂಬ ಪದವೂ ಅದೇ ಧಾತುವಿನದು. ಕಟ್ಟಿದ್ದನ್ನು ಕಳಚುವುದೇ ‘ಡೆಸ್ಟ್ರಾಯ್’. ‘ರುಯಿನ್’ ಎಂಬುದರ ಮೂಲದಲ್ಲಿ ಕುಸಿದು ಬೀಳುವ ಅರ್ಥವಿದೆ. ಇವು ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಮುಂದೆ ಹೇಳುವ ಪದಗಳು ಹಾಗಲ್ಲ.

‘ಡೆಸಿಮೇಟ್’ ಎಂಬ ಪದವನ್ನು ನೋಡೋಣ. ಇಂದು ಒಂದು ಕಾಡಿನ ಅಥವಾ ಸೈನ್ಯದ ಬಹುಪಾಲು ನಾಶವಾದರೆ ಈ ಪದ ಬಳಸುತ್ತಾರೆ. ಮೂಲದಲ್ಲಿ ಅದು ರೋಮನ್ ಸೇನೆಯ ಒಂದು ಶಿಕ್ಷೆ. ಹೇಡಿತನವನ್ನೋ ದಂಗೆಯನ್ನೋ ತೋರಿದ ಪಡೆಯಲ್ಲಿ ಹತ್ತು ಜನರಿಗೊಬ್ಬನಂತೆ ಚೀಟಿ ಎತ್ತಿ ಆರಿಸಿ, ಅವನನ್ನು ಅವನ ಜೊತೆಗಾರರ ಕೈಯಿಂದಲೇ ಬಡಿದು ಕೊಲ್ಲಿಸುತ್ತಿದ್ದರು. ಸ್ಪಾರ್ಟಕಸ್ ನಾಯಕತ್ವದಲ್ಲಿ ಗುಲಾಮರು ದಂಗೆ ಎದ್ದಾಗ, ಕ್ರಿ.ಪೂ. 71ರ ಸುಮಾರಿಗೆ, ಸೇನಾನಿ ಕ್ರಾಸಸ್ ಈ ಹಳೆಯ ಶಿಕ್ಷೆಯನ್ನು ಮತ್ತೆ ಜಾರಿಗೆ ತಂದನು. ಹತ್ತರಲ್ಲೊಂದು ಎಂಬ ಲೆಕ್ಕ ಇಂದಿನ ಬಳಕೆಯಲ್ಲಿ ಉಳಿದಿಲ್ಲವೆಂದು ಕೆಲವು ಪಂಡಿತರು ಆಕ್ಷೇಪಿಸುವುದುಂಟು. ನನಗೆ ಲೆಕ್ಕ ಅಳಿದುದಕ್ಕಿಂತ ದೊಡ್ಡ ಮರೆವು ಬೇರೆಯೆನಿಸುತ್ತದೆ. ಕೊಂದ ಕೈ ಗೆಳೆಯರದು, ಕೊಲ್ಲಿಸಿದ ಆಜ್ಞೆ ರೋಮಿನದು ಎಂಬುದೇ ಆ ಪದದಿಂದ ಅಳಿಸಿಹೋಗಿದೆ.

ಇನ್ನೊಂದು ಪದದಲ್ಲಿ ಹೆಸರು ಅಳಿಸಿಹೋಗುವ ಬದಲು ಶಾಶ್ವತವಾಗಿ ಅಂಟಿಕೊಂಡಿತು. ಅದೇ ‘ವ್ಯಾಂಡಲಿಸಂ’. ಬಸ್ಸಿನ ಗಾಜು ಒಡೆದರೂ ಶಿಲ್ಪಗಳ ಮೇಲೆ ಹೆಸರು ಕೆತ್ತಿದರೂ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ಬಳಸುತ್ತವೆ. ವ್ಯಾಂಡಲರು ಜರ್ಮಾನಿಕ್ ಮೂಲದ ಒಂದು ಜನಾಂಗ. ರೈನ್ ನದಿಯನ್ನು ದಾಟಿ, ಗಾಲ್ ಮತ್ತು ಸ್ಪೇನ್‌ಗಳ ಮೂಲಕ ಸಾಗಿ, 429ರಲ್ಲಿ ಅವರು ಉತ್ತರ ಆಫ್ರಿಕಾಕ್ಕೆ ಹೋದರು. ಹತ್ತು ವರ್ಷಗಳ ಬಳಿಕ ಕಾರ್ಥೇಜ್ ನಗರವನ್ನು ಹಿಡಿದು ರಾಜ್ಯ ಕಟ್ಟಿದರು. 455ರಲ್ಲಿ ಅವರ ದೊರೆ ಗೈಸರಿಕ್ ರೋಮ್ ನಗರವನ್ನು ಹದಿನಾಲ್ಕು ದಿನ ಸೂರೆ ಮಾಡಿದನು. ಚಿನ್ನ, ಬೆಳ್ಳಿ ಮತ್ತು ಸೆರೆಯಾಳುಗಳನ್ನು ಹಡಗುಗಳಲ್ಲಿ ತುಂಬಿಕೊಂಡು ಹೋದನು. ಇದರಲ್ಲಿ ಸಂದೇಹವಿಲ್ಲ. ಆದರೆ ಪೋಪ್ ಒಂದನೆಯ ಲಿಯೋ ಎದುರು ಬಂದು ಬೇಡಿಕೊಂಡಾಗ, ನಗರಕ್ಕೆ ಬೆಂಕಿಯಿಡದೆ, ಕಗ್ಗೊಲೆ ನಡೆಸದೆ ಸೂರೆಯಷ್ಟಕ್ಕೇ ನಿಲ್ಲಿಸಿದನೆಂದು ಆ ಕಾಲದ ಬರವಣಿಗೆಯೇ ಹೇಳುತ್ತದೆ. ಅವನು ದೋಚಿದವನು ಹೌದು; ಅರ್ಥವಿಲ್ಲದೆ ಒಡೆದು ಪುಡಿಮಾಡಿದವನು ಎನ್ನಲಾಗದು.

ಅದಕ್ಕೂ ಮೊದಲು, 410ರಲ್ಲಿ, ಗೋಥರು ಇದೇ ನಗರವನ್ನು ಕೊಳ್ಳೆ ಹೊಡೆದಿದ್ದರು. ‘ಗೋಥಿಕ್’ ಎಂಬುದೂ ಮೊದಲು ಬೈಗುಳದಂತೆಯೇ ಬಳಕೆಯಾಗಿ, ಕಾಲಾಂತರದಲ್ಲಿ ಭವ್ಯವಾದ ಚರ್ಚುಗಳ ವಾಸ್ತುಶೈಲಿಗೆ ಗೌರವದ ಹೆಸರಾಯಿತು. ಇನ್ನು ಕೊಲೊಸಿಯಂನ ಕಲ್ಲುಗಳನ್ನು ಶತಮಾನಗಳ ಕಾಲ ಕಿತ್ತೊಯ್ದು ಅರಮನೆಗಳನ್ನೂ ಚರ್ಚುಗಳನ್ನೂ ಕಟ್ಟಿದವರು ರೋಮಿನವರೇ. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿಕೊಂಡವರೂ ಅವರೇ. ಅವರ ಹೆಸರು ಯಾವ ಬೈಗುಳಕ್ಕೂ ತಗುಲಲಿಲ್ಲ.

ವ್ಯಾಂಡಲರಿಗೆ ಈ ಕಳಂಕ ಹೇಗೆ ಗಟ್ಟಿಯಾಯಿತು? 1794ರಲ್ಲಿ, ಫ್ರೆಂಚ್ ಕ್ರಾಂತಿಯ ಬಿಸಿಯಲ್ಲಿ, ಜನರು ರಾಜರ ಗೋರಿಗಳನ್ನೂ ಚರ್ಚಿನ ಶಿಲ್ಪಗಳನ್ನೂ ಗ್ರಂಥಗಳನ್ನೂ ನಾಶ ಮಾಡುತ್ತಿದ್ದಾಗ, ಆಬೆ ಗ್ರೆಗ್ವಾರ್ ಎಂಬ ಪಾದ್ರಿ ಅದನ್ನು ತಡೆಯಲು ಕ್ರಾಂತಿಯ ಶಾಸನಸಭೆಗೆ ವರದಿಗಳನ್ನು ಒಪ್ಪಿಸಿದರು. ಆ ಕೃತ್ಯಕ್ಕೆ ಅವರು ಇಟ್ಟ ಹೆಸರೇ ‘ವಾಂಡಲಿಸ್ಮ್’. ಅವರ ಉದ್ದೇಶ ಉದಾತ್ತವಾದದ್ದು. ಇಂದು ಸ್ಮಾರಕಗಳನ್ನು ರಾಷ್ಟ್ರದ ಆಸ್ತಿಯೆಂದು ಕಾಪಾಡುವ ವಿಚಾರಕ್ಕೆ ಅವರ ವರದಿಗಳ ಕಾಣಿಕೆ ದೊಡ್ಡದು. ಆದರೆ ಒಡೆದವರು ಫ್ರೆಂಚರು, ಹೆಸರು ಕೆಟ್ಟಿದ್ದು ವ್ಯಾಂಡಲರದು. ಆ ವೇಳೆಗೆ ವ್ಯಾಂಡಲರ ರಾಜ್ಯ ಅಳಿದು 1260 ವರ್ಷಗಳಾಗಿದ್ದವು. ಅವರ ಭಾಷೆಯದಾಗಿ ಉಳಿದಿರುವುದು ಬೆರಳೆಣಿಕೆಯ ಪದಗಳು. ಅವರ ಕುರಿತು ನಾವು ಓದುವುದೆಲ್ಲ ಬಹುಮಟ್ಟಿಗೆ ಅವರ ವೈರಿಗಳು ಬರೆದಿಟ್ಟದ್ದು. ತನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಲು ಭಾಷೆಯೇ ಉಳಿಯದ ಜನರು, ಪರರ ಭಾಷೆಯಲ್ಲಿ ಬೈಗುಳವಾಗಿ ಉಳಿದರು.

ದುರ್ಬಲರ ಮೇಲೆ ಇಂಥ ಹೆಸರು ಹೊರಿಸಿದ ಇನ್ನೊಂದು ನಿದರ್ಶನ ‘ಲಡ್ಡೈಟ್’. ಹೊಸ ಯಂತ್ರವೆಂದರೆ ಬೆದರುವ ಮಂಕನಿಗೆ ಈಗ ಹಾಗೆನ್ನುತ್ತಾರೆ. 1811ರಲ್ಲಿ ನಾಟಿಂಗ್‌ಹ್ಯಾಂ ಸೀಮೆಯ ಕಾಲುಚೀಲ ನೇಯುವವರು ಮಗ್ಗಗಳನ್ನು ಒಡೆಯತೊಡಗಿದರು. ಅವರು ಯಂತ್ರವನ್ನು ಅರಿಯದವರಲ್ಲ. ಅದರ ಮೇಲೆಯೇ ದುಡಿದು ಬದುಕಿದ ಕುಶಲಕರ್ಮಿಗಳು. ಕೂಲಿ ಕಡಿತ ಮಾಡಿದ, ಕಳಪೆ ಮಾಲು ನೇಯಿಸುತ್ತಿದ್ದ ಮಾಲೀಕರ ಮಗ್ಗಗಳನ್ನು ಆರಿಸಿ ಒಡೆದರು. ಉಳಿದವರ ಮಗ್ಗಗಳನ್ನು ಮುಟ್ಟದೆ ಬಿಟ್ಟದ್ದೂ ಉಂಟು. ಸರಕಾರ 1812ರಲ್ಲಿ ಮಗ್ಗ ಒಡೆಯುವುದಕ್ಕೆ ಮರಣದಂಡನೆಯ ಕಾಯಿದೆ ತಂದಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ಮಾಡಿದ ಮೊದಲ ಭಾಷಣವೇ ಅದನ್ನು ವಿರೋಧಿಸಿ. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಈ ಚಳವಳಿಗೆ ಸಂಬಂಧಿಸಿದಂತೆ 17 ಮಂದಿಯನ್ನು ಗಲ್ಲಿಗೇರಿಸಿದರು. ಹಸಿವಿನ ಆ ಕಥೆಯೆಲ್ಲ ಮರೆತು, ಇಂದು ಕಂಪ್ಯೂಟರ್ ಬಾರದವನನ್ನು ಅಣಕಿಸಲು ಆ ಹೆಸರು ಬಳಕೆಯಾಗುತ್ತಿದೆ.

‘ಸ್ಯಾಬೊಟಾಜ್’ ಎಂಬ ಪದದ ಕುರಿತು, ಕಾರ್ಮಿಕರು ತಮ್ಮ ಮರದ ಪಾದರಕ್ಷೆಗಳನ್ನು ಯಂತ್ರದೊಳಗೆ ಎಸೆದರೆಂಬ ಕಥೆ ಪ್ರಸಿದ್ಧವಾಗಿದೆ. ಅದಕ್ಕೆ ಆಧಾರವಿಲ್ಲ. ಫ್ರೆಂಚಿನಲ್ಲಿ ‘ಸಾಬೊ’ ಎಂದರೆ ಮರದ ಪಾದರಕ್ಷೆ ಹೌದು. ಆದರೆ ಅದರಿಂದಾದ ಕ್ರಿಯಾಪದಕ್ಕೆ ಕೆಲಸವನ್ನು ಒರಟಾಗಿ, ಹೇಗೋ ಮಾಡಿ ಕೆಡಿಸು ಎಂಬ ಅರ್ಥವಿತ್ತು. 1897ರಲ್ಲಿ ತುಲೂಸ್ ನಗರದಲ್ಲಿ ಸೇರಿದ ಕಾರ್ಮಿಕ ಸಮ್ಮೇಳನದಲ್ಲಿ ಎಮಿಲ್ ಪುಝೆ ಇದನ್ನು ಹೋರಾಟದ ಒಂದು ವಿಧಾನವಾಗಿ ಮುಂದಿಟ್ಟರು. ಅರೆಕೂಲಿಗೆ ಅರೆಗೆಲಸ ಎಂಬುದು ಅದರ ತಿರುಳು. 1910ರ ಫ್ರೆಂಚ್ ರೈಲ್ವೆ ಮುಷ್ಕರದ ವಾರ್ತೆಗಳೊಡನೆ ಪದ ಇಂಗ್ಲಿಷಿನಲ್ಲಿ ಹರಡಿತು. ಮಹಾಯುದ್ಧಗಳಲ್ಲಿ ಶತ್ರುಗಳು ಗುಟ್ಟಾಗಿ ಸೇತುವೆ ಸಿಡಿಸುವುದಕ್ಕೆ ಹೆಸರಾಯಿತು. ನಮ್ಮ ಪತ್ರಿಕೆಗಳು ಇದನ್ನು ‘ವಿಧ್ವಂಸಕ ಕೃತ್ಯ’ ಎಂದು ಅನುವಾದಿಸುತ್ತವೆ. ಕೂಲಿಯ ಮಾತು ಎಲ್ಲೋ ಕಳೆದುಹೋಯಿತು.

ಕೊನೆಯದಾಗಿ ರಾಫೆಲ್ ಲೆಮ್ಕಿನ್ ಅವರನ್ನು ನೆನೆಯಬೇಕು. ಪೋಲೆಂಡಿನ ಈ ಯಹೂದಿ ನ್ಯಾಯವಾದಿ 1933ರಲ್ಲಿ ಮ್ಯಾಡ್ರಿಡ್ಡಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಎರಡು ಹೊಸ ಅಪರಾಧಗಳನ್ನು ಸೂಚಿಸಿದರು. ಒಂದು ಸಮುದಾಯದ ಜನರನ್ನು ನಾಶ ಮಾಡುವುದಕ್ಕೆ ‘ಬಾರ್ಬರಿಟಿ’, ಆ ಸಮುದಾಯದ ಕಲೆ ಸಂಸ್ಕೃತಿಗಳನ್ನು ನಾಶ ಮಾಡುವುದಕ್ಕೆ ‘ವ್ಯಾಂಡಲಿಸಂ’ ಎಂದು ಹೆಸರಿಟ್ಟರು. ಸಮ್ಮೇಳನ ಅದನ್ನು ಅಂಗೀಕರಿಸಲಿಲ್ಲ. ಮುಂದೆ ನಾಜಿಗಳ ಕೈಯಲ್ಲಿ ಅವರ ತಂದೆತಾಯಿಯೂ ಬಂಧುಗಳೂ ಹತರಾದರು. 1944ರಲ್ಲಿ ಅವರು, ಜನಾಂಗವೆಂಬ ಅರ್ಥದ ಗ್ರೀಕ್ ಪದವನ್ನೂ ಕೊಲೆಯೆಂಬ ಅರ್ಥದ ಲ್ಯಾಟಿನ್ ಪದವನ್ನೂ ಕೂಡಿಸಿ ‘ಜೆನೊಸೈಡ್’ ಎಂಬ ಪದವನ್ನು ರಚಿಸಿದರು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ಅಪರಾಧವೆಂದು ಸಾರಿತು. ಗಮನಿಸಿ: ಈ ಪದ ಯಾವ ಜನಾಂಗದ ಹೆಸರನ್ನೂ ಹೊತ್ತಿಲ್ಲ. ಯಾರೇ ಮಾಡಲಿ, ಕೃತ್ಯಕ್ಕೆ ಹೆಸರಿದೆ.

ವಿನಾಶವನ್ನು ಹೆಸರಿಸುವಾಗ ಅನುಸರಿಸಬೇಕಾದ ಧರ್ಮ ಇದೇ ಎಂದು ನನ್ನ ಎಣಿಕೆ. ನಮ್ಮಲ್ಲಿಯೂ ಒಬ್ಬರ ತಪ್ಪಿಗೆ ಒಂದು ಊರಿನ, ಒಂದು ಜಾತಿಯ ಹೆಸರನ್ನೇ ಬೈಗುಳವಾಗಿಸುವ ಚಾಳಿ ಇಲ್ಲದಿಲ್ಲ. ಒಡೆದ ಗಾಜನ್ನು ಮತ್ತೆ ಕೂರಿಸಬಹುದು, ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸಬಹುದು. ಜನಾಂಗವೊಂದರ ಹೆಸರು ಒಮ್ಮೆ ಕೆಟ್ಟರೆ, ಆ ಜನರು ಅಳಿದು ಸಾವಿರ ವರ್ಷ ಕಳೆದರೂ ಸರಿಹೋಗುವುದಿಲ್ಲ.